ಏಳನೆಯ ಮಂಚದ ಕಿವಿಮಡಿಕೆ

ಈ ಕತೆಯನ್ನು ಮೊದಲು ಹೇಳಿದವಳು ಒಂದೇ ಠಾಣೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಹೆಡ್ ಕಾನ್‌ಸ್ಟೇಬಲ್. ಹೇಳಿದ್ದು ಆಕೆ ನಿವೃತ್ತಳಾದ ಮರುವಾರ, ಒಂದು ಭಾನುವಾರದ ಮಧ್ಯಾಹ್ನ, ಚಹಾದ ಹೊತ್ತಿನಲ್ಲಿ. ಕೇಳಿದವರು ಆರು ಆಸ್ಪತ್ರೆಗಳ ಸ್ವಚ್ಛತಾ ಮೇಲ್ವಿಚಾರಕಿಯರು. ಯಾವ ಕಲೆ ಯಾವುದಕ್ಕೆ ಹೋಗುತ್ತದೆ, ಯಾರ ವಾರ್ಡಿಗೆ ಕೈ ಸಾಲದು, ಹೊಸಬಳಿಗೆ ಎಲ್ಲಿ ಕೆಲಸ ಸಿಕ್ಕೀತು ಎಂದು ತಿಂಗಳಿಗೊಮ್ಮೆ ಕೂಡಿ ಮಾತಾಡಿಕೊಳ್ಳುವುದು ಅವರ ರೂಢಿ. ಆಮೇಲೆ ಬೇರೆಯವರೂ ಇದನ್ನು ಹೇಳಿದ್ದಾರೆ. ಕೊನೆಯಲ್ಲಿ ಬರುವ ಕಿಟಕಿ ಪರದೆಗಳ ಬಣ್ಣವೊಂದರಲ್ಲಿ ಪಾಠಾಂತರವಿದೆ. ಇಲ್ಲಿ ಆಕೆ ಹೇಳಿದ ತಿಳಿನೀಲಿಯನ್ನೇ ಉಳಿಸಿಕೊಂಡಿದೆ.

ಅಂದು ಶನಿವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಒಬ್ಬ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ತಾಯಿಯ ಕನ್ನಡಕದ ಡಬ್ಬಿ.

“ನಮ್ಮಮ್ಮ ಕಾಣ್ತಿಲ್ಲ ಸಾರ್.”

“ಎಲ್ಲಿಂದ?” ಇನ್‌ಸ್ಪೆಕ್ಟರ್ ಪೆನ್ನು ತೆರೆದರು.

“ಆಸ್ಪತ್ರೆಯಿಂದ. ಮೂರನೇ ಮಹಡಿ, ಏಳನೇ ಮಂಚ.”

“ನಡ್ಕೊಂಡು ಹೋಗಿರಬಹುದಾ?”

“ಎದ್ದು ಕೂರೋಕೇ ಇಬ್ಬರು ಹಿಡೀಬೇಕು ಸಾರ್. ಪಾರ್ಶ್ವವಾಯು.”

ಎರಡೂ ಇಪ್ಪತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಮೂರಕ್ಕೆ ಐದು ನಿಮಿಷವಿರುವಾಗ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್ ಮತ್ತು ಒಬ್ಬ ಪೇದೆ ಮೂರನೆಯ ಮಹಡಿ ತಲುಪಿದರು.

ಆಗಷ್ಟೇ ಒರೆಸಿದ ನೆಲ ಇನ್ನೂ ಆರಿರಲಿಲ್ಲ. ಕಿಟಕಿಗಳು ಅದರಲ್ಲಿ ತಲೆಕೆಳಗಾಗಿ ತೇಲುತ್ತಿದ್ದವು. ಹೆಡ್ ಕಾನ್‌ಸ್ಟೇಬಲ್‌ಗೆ ತಾನು ಆಕಾಶದ ಮೇಲೆ ಬೂಟುಗಾಲಿಟ್ಟು ನಡೆಯುತ್ತಿರುವಂತೆ ಅನಿಸಿ, ಅವಳು ಅರಿವಿಲ್ಲದೆ ತುದಿಗಾಲಲ್ಲಿ ಹೆಜ್ಜೆಯಿಟ್ಟಳು.

ಕಾಣೆಯಾದ ಮುದುಕಿಯನ್ನು ಅಲ್ಲಿ ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅದೇ ಕಟ್ಟಡವನ್ನು ಮೂವತ್ತಾರು ವರ್ಷ ಗುಡಿಸಿ, ಒರೆಸಿ, ಹತ್ತಾರು ಹೆಣ್ಣುಮಕ್ಕಳಿಗೆ ಆ ಕೆಲಸ ಕಲಿಸಿದವಳು.

“ಕಾಣೆಯಾಗಿದ್ದು ಯಾವಾಗ?” ನರ್ಸ್‌ಗೆ ಪ್ರಶ್ನೆ.

“ಹತ್ತೂವರೆಗೆ ಬಂದು ನೋಡಿದೆ. ಹೊಸ ಚಾದರ ಹಾಸಿತ್ತು, ತಲೆಹಲಗೆ ಮೇಲೆ ಬರೆದದ್ದನ್ನ ಒರೆಸಿತ್ತು. ಬಿಡುಗಡೆ ಮಾಡಿ ಕಳಿಸಿದ್ದಾರೆ ಅಂದ್ಕೊಂಡೆ. ಮಗಳು ಬಂದು ಕೇಳಿದಾಗಲೇ ಗೊತ್ತಾಗಿದ್ದು.”

“ತಲೆಹಲಗೆ ಮೇಲೆ ಏನು ಬರೆದಿತ್ತು?”

ಉತ್ತರ ಕೊಟ್ಟವರು ಡಾಕ್ಟರು. “ಬಾಯಿಗೆ ಏನನ್ನೂ ಕೊಡಬಾರದು ಅಂತ. ನಿನ್ನೆ ಸಂಜೆಯಿಂದ ನುಂಗೋ ಶಕ್ತಿ ಹೋಗಿದೆ. ಯಾರಾದ್ರೂ ಪ್ರೀತಿಯಿಂದ ಒಂದು ಲೋಟ ಹಾಲು ಕುಡಿಸಿದ್ರೂ ಅದು ಶ್ವಾಸಕೋಶಕ್ಕೆ ಇಳಿಯುತ್ತೆ. ಬೇಗ ಹುಡುಕಿ.”

ಮೂರೂ ಇಪ್ಪತ್ತಕ್ಕೆ ಪಂಚನಾಮೆ ಶುರುವಾಯಿತು. ಪಂಚರು ಇಬ್ಬರು: ಕಾವಲುಗಾರ ಮತ್ತು ಆ ಆಸ್ಪತ್ರೆಯ ಸ್ವಚ್ಛತಾ ಮೇಲ್ವಿಚಾರಕಿ. ಮಂಚದ ಕಾಲುಗಳಲ್ಲಿ ಧೂಳಿಲ್ಲ. ದಿಂಬಿನ ಗವಸಿನ ತೆರೆದ ಬಾಯಿ ಬಾಗಿಲಿಗೆ ಕಾಣದ ಕಡೆಗಿದೆ. ಚಾದರದಲ್ಲಿ ಒಂದು ಸುಕ್ಕಿಲ್ಲ.

“ಕದ್ದುಕೊಂಡು ಹೋಗೋರು ಹಾಸಿಗೆ ಸರಿಮಾಡಿ ಹೋಗ್ತಾರೇನ್ರೀ?” ಎಂದರು ಇನ್‌ಸ್ಪೆಕ್ಟರ್. “ನಾನು ಅಪ್ಪಿತಪ್ಪಿ ಮನೇಲಿ ಹಾಸಿಗೆ ಸರಿಮಾಡಿದ್ರೆ ನನ್ನ ಹೆಂಡತಿ ಪೊಲೀಸರನ್ನ ಕರೀತಾಳೆ.”

ಪೇದೆ ನಕ್ಕ. ಹೆಡ್ ಕಾನ್‌ಸ್ಟೇಬಲ್ ನಗಲಿಲ್ಲ. ಅವಳ ಕಣ್ಣು ಚಾದರದ ಕಾಲ್ದೆಸೆಯ ಮೂಲೆಯಲ್ಲಿತ್ತು. ಒಳಗೆ ಸಿಕ್ಕಿಸಿದ ಮೇಲೂ ಹೆಬ್ಬೆರಳಗಲದ ತುದಿಯೊಂದನ್ನು ಮೊಲದ ಕಿವಿಯಂತೆ ಹೊರಕ್ಕೆ ಮಡಿಸಿತ್ತು. ಉಳಿದ ಹನ್ನೊಂದು ಮಂಚಗಳಲ್ಲಿ ಅಂಥ ಕಿವಿ ಇರಲಿಲ್ಲ. ಅಷ್ಟರಲ್ಲಿ ಮೇಲ್ವಿಚಾರಕಿಯ ಕೈ, ಮಂಚವನ್ನು ಸುಮ್ಮನೆ ಸವರುವಂತೆ ಮುಂದೆ ಬಂದು, ಆ ಕಿವಿಯನ್ನು ಮೆಲ್ಲಗೆ ಒಳಗೆ ತಳ್ಳಿತು.

ಹೆಡ್ ಕಾನ್‌ಸ್ಟೇಬಲ್ ಪಂಚನಾಮೆಗೆ ಸಹಿ ಬಿದ್ದ ಮೇಲೆ ಮೇಲ್ವಿಚಾರಕಿಯನ್ನು ಬಟ್ಟೆಕೋಣೆಗೆ ಕರೆದೊಯ್ದಳು. ಗೋಡೆಯುದ್ದಕ್ಕೂ ಬಿಳಿ ಚಾದರಗಳ ಅಟ್ಟಿಗಳು. ಮಾತಾಡಿದರೆ ದನಿ ಹತ್ತಿಯಲ್ಲಿ ಹುದುಗಿ ಬಂದಂತೆ ಕೇಳುತ್ತಿತ್ತು. ಸಮಯ ಮೂರೂ ಐವತ್ತು.

“ಅದು ಯಾರ ಮಡಿಕೆ?”

“ಯಾವುದು ಮೇಡಂ?”

“ನೀವು ಒಳಗೆ ತಳ್ಳಿದ್ದು.”

ಮೇಲ್ವಿಚಾರಕಿ ಪಕ್ಕದ ಅಟ್ಟಿಯ ಚಾದರವೊಂದನ್ನು ಸರಿಮಾಡತೊಡಗಿದಳು.

“ಯಾರನ್ನೋ ಕಾಪಾಡ್ತಿದ್ದೀರಿ.”

“ಮೇಡಂ, ಆರು ಆಸ್ಪತ್ರೆಯವರು ನಾವು. ಒಬ್ಬರ ಕೈ ಸೋತ್ರೆ ಇನ್ನೊಬ್ಬರ ಕೈ ಬರುತ್ತೆ. ನನ್ನ ಮಗಳ ಹೆರಿಗೆ ದಿನ ನನ್ನ ಎರಡು ವಾರ್ಡ್ ಒರೆಸಿದ್ದು ಬೇರೆ ಆಸ್ಪತ್ರೆಯವಳು, ತನ್ನ ರಜೆ ದಿನ. ಅಂಥವಳ ಹೆಸರು ನಾನು ಹೆಂಗೆ ಹೇಳ್ಲಿ?”

“ಹೇಳಬೇಡಿ. ಒಂದೇ ಒಂದು ಮಾತು ಹೇಳಿ. ದೊಡ್ಡಮ್ಮನ ಕಂಡ್ರೆ ಅವಳು ಮೊದಲು ಏನ್ ಮಾಡ್ತಾಳೆ?”

“ಮೈ ಒರೆಸ್ತಾಳೆ. ಬಟ್ಟೆ ಬದಲಾಯಿಸ್ತಾಳೆ. ಆಮೇಲೆ ಬೆಚ್ಚಗೆ ಹಾಲು...” ಅವಳ ಕೈ ಬಾಯಿಗೆ ಹೋಯಿತು. “ಅಯ್ಯೋ! ಅವಳಿಗೆ ಗೊತ್ತಿಲ್ಲ! ಗುರುವಾರ ಬಂದಾಗ ದೊಡ್ಡಮ್ಮ ಚಮಚದಲ್ಲಿ ಕುಡೀತಿದ್ರು.”

“ತಲೆಹಲಗೆ ಓದಿಲ್ವಾ?”

“ಮಂಚ ಖಾಲಿಯಾದ್ರೆ ಹಲಗೆ ಒರೆಸೋದು ನಮಗೆ ಉಸಿರಾಡಿದಷ್ಟೇ ರೂಢಿ ಮೇಡಂ. ಓದಿ ಯಾರು ಒರೆಸ್ತಾರೆ?”

ಹೆಸರು ಹೊರಬಿತ್ತು. ಊರಾಚೆಯ ಆಸ್ಪತ್ರೆಯ ಮೇಲ್ವಿಚಾರಕಿ, ದೊಡ್ಡಮ್ಮನ ಮೊದಲ ಶಿಷ್ಯೆ. ಚಾದರ ಗರಿಗರಿಯಾಗಿರಬೇಕೆಂದು ಹಟ ಹಿಡಿಯುವವಳಾದ್ದರಿಂದ ಗರಿಯಕ್ಕ. ಕಿವಿ ಹೊರಗಿದ್ದರೆ ಮಂಚ ಶುದ್ಧ, ಯಾರೂ ಮಲಗಿಲ್ಲ ಎಂದು ಅವಳ ತಂಡದ ಗುರುತು. ಕಳೆದ ತಿಂಗಳ ಕೂಟದಲ್ಲಿ ಎಲ್ಲರಿಗೂ ಮಾಡಿ ತೋರಿಸಿದ್ದಳು.

ಫೋನ್ ಮಾಡಿದರು. ಕೆಲಸದ ಹೊತ್ತಿನಲ್ಲಿ ಫೋನು ಬೀರುವಿನಲ್ಲಿಡುವುದು ಗರಿಯಕ್ಕನ ನಿಯಮ. ಅದು ರಿಂಗಾಗುತ್ತಲೇ ಇತ್ತು. ಆಗ ಮೇಲ್ವಿಚಾರಕಿ ಆರೂ ಜನರ ಮೊಬೈಲ್ ಗುಂಪಿಗೆ ದನಿ ಸಂದೇಶ ಕಳಿಸಿದಳು: “ದೊಡ್ಡಮ್ಮನ ಬಾಯಿಗೆ ಒಂದು ತೊಟ್ಟೂ ಬೀಳಬಾರದು ಕಣ್ರೇ. ಗರಿಯಕ್ಕ ಎಲ್ಲಿದ್ದಾಳೆ ಗೊತ್ತಿದ್ರೆ ಈಗಲೇ ಹೇಳಿ. ಬೈಯೋದಿದ್ರೆ ನನ್ನ ನಾಳೆ ಬೈಯಿರಿ.”

ಅಲ್ಲಿಯವರೆಗೆ ತುಕ್ಕಿನ ಕಲೆಗೆ ನಿಂಬೆಯೋ ಉಪ್ಪೋ ಎಂದು ಜಗಳವಾಡುತ್ತಿದ್ದ ಗುಂಪು ಅದನ್ನು ಅಲ್ಲಿಗೇ ಬಿಟ್ಟಿತು. ಆಮೇಲೆ ಒಂದೊಂದೇ ಉತ್ತರ ಬಂತು. ಹತ್ತೂಕಾಲಿಗೆ ಮೈಲಿಗೆ ಬಟ್ಟೆಯ ಲಿಫ್ಟಿನಲ್ಲಿ ಗಾಲಿಕುರ್ಚಿ ಇಳಿದದ್ದನ್ನು, ಕೆಲಸದ ಮೇಲೆ ಅಲ್ಲಿಗೆ ಬಂದಿದ್ದ ಒಬ್ಬಳು ಕಂಡಿದ್ದಳು. ಲಾಂಡ್ರಿ ವ್ಯಾನಿನ ಚಾಲಕ, ಕೇಳಿದವಳು ಗರಿಯಕ್ಕನಾದ್ದರಿಂದ ಮರುಮಾತಾಡದೆ ದೊಡ್ಡಮ್ಮನನ್ನು ಎತ್ತಲು ಕೈಜೋಡಿಸಿ ಕರೆದೊಯ್ದಿದ್ದನೆಂದು ಇನ್ನೊಬ್ಬಳು ತಿಳಿಸಿದಳು. ತನ್ನ ಆಸ್ಪತ್ರೆಯ ಇನ್ನೂ ಉದ್ಘಾಟನೆಯಾಗದ ಐದನೆಯ ಮಹಡಿಯನ್ನು ಗರಿಯಕ್ಕ ವಾರದಿಂದ ಒಬ್ಬಳೇ ತೊಳೆಯುತ್ತಿದ್ದಾಳೆಂದೂ, ಹಿಂಬದಿಯ ಲಿಫ್ಟಿಗೆ ಬೀಗವಿಲ್ಲವೆಂದೂ ಮೂರನೆಯವಳು. ಯಾರೊಬ್ಬರಿಗೂ ಇಡೀ ಕತೆ ಗೊತ್ತಿರಲಿಲ್ಲ. ಎಲ್ಲರ ಬಳಿಯೂ ಒಂದೊಂದು ತುಣುಕಿತ್ತು. ಡಾಕ್ಟರನ್ನೂ ಮೇಲ್ವಿಚಾರಕಿಯನ್ನೂ ಹತ್ತಿಸಿಕೊಂಡು ಜೀಪು ಹೊರಟಾಗ ನಾಲ್ಕೂ ಹತ್ತು.

ನಾಲ್ಕೂ ಮೂವತ್ತೈದು. ಐದನೆಯ ಮಹಡಿಯ ಬಾಗಿಲು ಸದ್ದಿಲ್ಲದೆ ತೆರೆದುಕೊಂಡಿತು. ನಲವತ್ತು ಮಂಚ, ನಲವತ್ತು ಬಿಳಿ ಚಾದರ, ಎಲ್ಲದರ ಕಾಲ್ದೆಸೆಯಲ್ಲೂ ಪುಟ್ಟ ಕಿವಿ. ತೆರೆದ ಕಿಟಕಿಗಳ ತಿಳಿನೀಲಿ ಪರದೆಗಳು ಉಬ್ಬುತ್ತ ತಗ್ಗುತ್ತ ಇಡೀ ಕೋಣೆಯೇ ಉಸಿರಾಡುವಂತಿತ್ತು. ಕೊನೆಯ ಮಂಚದಲ್ಲಿ, ಬಿಸಿಲಿನ ನಡುವೆ, ದೊಡ್ಡಮ್ಮ ಮಲಗಿದ್ದಳು. ಪಕ್ಕದ ಸ್ಟೂಲಿನ ಮೇಲೆ ಗರಿಯಕ್ಕ. ಅವಳ ಕೈಯಲ್ಲೊಂದು ಲೋಟ.

“ಕುಡಿಸಿದ್ಯೇನೇ?” ಮೇಲ್ವಿಚಾರಕಿ ಬಾಗಿಲಿಂದಲೇ ಕೂಗಿದಳು.

“ಶ್! ಮಲಗಿದ್ದಾರೆ. ಮೂರು ಸಲ ಕಾಯಿಸ್ದೆ. ಎಬ್ಬಿಸೋಕೆ ಮನಸ್ಸು ಬರಲಿಲ್ಲ ಕಣೇ.”

ಹೆಡ್ ಕಾನ್‌ಸ್ಟೇಬಲ್ ಅವಳ ಕೈಯಿಂದ ಲೋಟವನ್ನು ಮೆಲ್ಲಗೆ ತೆಗೆದುಕೊಂಡು, ತಲೆಹಲಗೆಯ ಮೇಲೆ ಏನು ಬರೆದಿತ್ತೆಂಬುದನ್ನು ಹೇಳಿದಳು. ಗರಿಯಕ್ಕ ಹಾಲನ್ನು ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ಡಾಕ್ಟರು ನಾಡಿ ಹಿಡಿದು, ತೊಂದರೆಯಿಲ್ಲ ಎಂದು ತಲೆಯಾಡಿಸಿದರು.

“ಯಾಕೆ ಕರ್ಕೊಂಡು ಬಂದ್ರಿ?” ಇನ್‌ಸ್ಪೆಕ್ಟರ್ ದನಿ ತಗ್ಗಿತ್ತು.

“ಗುರುವಾರ ಎರಡು ಗಂಟೆ ಹೊತ್ತು ಒದ್ದೆ ಚಾದರದ ಮೇಲೇ ಮಲಗಿದ್ರು ಸಾರ್. ನಮಗೆ ಚಾದರ ಹಾಸೋದು ಕಲಿಸಿದ ತಾಯಿ.”

“ದೂರು ಕೊಡಬಹುದಿತ್ತಲ್ಲ?”

ಅವಳು ಮೇಲ್ವಿಚಾರಕಿಯ ಕಡೆ ನೋಡಲಿಲ್ಲ. “ನಾಲ್ಕು ವಾರ್ಡಿಗೆ ಮೂರು ಪಾಳಿಗೂ ಸೇರಿ ಐದೇ ಜನ ಅಲ್ಲಿ. ತಪ್ಪು ಅವಳದಲ್ಲ. ದೂರು ಕೊಟ್ಟಿದ್ರೆ ಹೋಗ್ತಿದ್ದದ್ದು ಅವಳ ಕೆಲಸ.”

ಐದೂ ಐದಕ್ಕೆ ದಸ್ತಗಿರಿಯಾಯಿತು. ಹೊರಡುವ ಮುನ್ನ ಅವಳು ಒಂದು ನಿಮಿಷ ಬೇಡಿಕೊಂಡು, ದೊಡ್ಡಮ್ಮನ ಹೊದಿಕೆಯನ್ನು ಭುಜದವರೆಗೆ ಎಳೆದಳು. ಹೆಡ್ ಕಾನ್‌ಸ್ಟೇಬಲ್ ಬೇಡಿಯನ್ನು ಕಿಸೆಯಿಂದ ತೆಗೆಯಲೇ ಇಲ್ಲ. ಆ ಮಾತು ದಾಖಲೆಯಲ್ಲಿಲ್ಲ. ನ್ಯಾಯಾಲಯ ಅವಳಿಗೆ ಎರಡು ತಿಂಗಳ ಸಜೆ ಕೊಟ್ಟಿತು. ದೊಡ್ಡಮ್ಮ ಏಳನೆಯ ಮಂಚಕ್ಕೆ ಮರಳಿ ಹನ್ನೊಂದು ದಿನ ಬದುಕಿದಳು. ಆ ಹನ್ನೊಂದು ದಿನವೂ ಆರು ಆಸ್ಪತ್ರೆಗಳಿಂದ ಸರದಿಯ ಮೇಲೆ ಒಬ್ಬೊಬ್ಬರು ಬಂದು ಪಕ್ಕದಲ್ಲಿ ಕೂತರು. ಚಾದರ ಒಮ್ಮೆಯೂ ಒದ್ದೆಯಾಗಿ ಉಳಿಯಲಿಲ್ಲ.

ಇಷ್ಟು ಹೇಳಿ ಹೆಡ್ ಕಾನ್‌ಸ್ಟೇಬಲ್ ತಣ್ಣಗಾದ ಚಹಾ ಕುಡಿದಳು. ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು, ತಮ್ಮ ಲೋಟ ತಾವೇ ತೊಳೆದಿಟ್ಟು, ಚಪ್ಪಲಿ ಹುಡುಕಿಕೊಂಡರು. ಬಾಗಿಲ ಬಳಿ ಅಷ್ಟು ಹೊತ್ತೂ ಕೂತು ಕೇಳುತ್ತಿದ್ದ ಗರಿಯಕ್ಕ ಮೇಜಿಗೆ ಒಗೆದ ಬಟ್ಟೆ ಹಾಸಿ, ಮೂಲೆಯಲ್ಲಿ ಹೆಬ್ಬೆರಳಗಲದ ಕಿವಿ ತಿದ್ದಿದಳು. ಎದುರಿಗಿದ್ದ, ದೊಡ್ಡಮ್ಮನ ಆಸ್ಪತ್ರೆಯ ಮೇಲ್ವಿಚಾರಕಿ ಅದನ್ನು ನೋಡಿದಳು. ಈ ಸಲ ಒಳಗೆ ತಳ್ಳಲಿಲ್ಲ. ಮೇಜಿನ ಇನ್ನೊಂದು ಮೂಲೆಗೆ ಹೋಗಿ ತಾನೂ ಅಂಥದೇ ಒಂದು ಕಿವಿ ಮಡಿಸಿದಳು. ಆಮೇಲೆ ಇಬ್ಬರೂ ದೀಪ ಆರಿಸಿ, ಬಾಗಿಲೆಳೆದುಕೊಂಡು, ಮನೆ ಕಡೆ ನಡೆದರು.