ಕಣ್ಣುಪಾಪೆಯ ಅಳತೆ

"ಕೈ ತೆಗೀರಿ."

ಅವಳು ತೆಗೆಯಲಿಲ್ಲ. ಎಡಗಣ್ಣಿದ್ದ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡೇ ಕುರ್ಚಿಯ ಅಂಚಿನಲ್ಲಿ ಕುಳಿತಿದ್ದಳು.

"ನಾನು ಹೆಚ್ಚು ನೋಡಬೇಕಾದ್ದು ಆ ಕಣ್ಣನ್ನಲ್ಲ, ಈ ಕಣ್ಣನ್ನ," ಎಂದನು ಎದುರಿಗಿದ್ದ ತರುಣ, ಕುಂಚವನ್ನು ಒರೆಸುತ್ತ. ಕೃತಕ ಕಣ್ಣುಗಳಿಗೆ ಬಣ್ಣ ಬರೆಯುವುದು ಅವನ ಕಸುಬು. "ಇದನ್ನ ನೋಡಿಕೊಂಡೇ ಅದನ್ನ ಬರೀಬೇಕು."

ಲಾರಿಯ ಚಕ್ರದಿಂದ ಸಿಡಿದ ಕಲ್ಲೊಂದು ಅವಳ ಕಣ್ಣನ್ನು ಕಸಿದುಕೊಂಡು ವರ್ಷ ಕಳೆದಿತ್ತು. ಅದಕ್ಕೆ ಮೊದಲು ಅವಳು ಪುಟ್ಟ ಮಕ್ಕಳಿಗೆ ಅಕ್ಷರ ಕಲಿಸುವ ಟೀಚರ್. ಆಮೇಲೆ ಶಾಲೆಯ ಗೇಟನ್ನೂ ಕಂಡವಳಲ್ಲ.

ಮಕ್ಕಳು ನನ್ನನ್ನು ಕಂಡು ಚೀರಿದರೆ...?

ಆ ಭಯವೊಂದೇ ಅವಳನ್ನು ನಾಲ್ಕು ಗೋಡೆಗಳೊಳಗೆ ಬಂಧಿಸಿತ್ತು. ಹೊಸ ತರಗತಿ ಶುರುವಾಗುವುದರೊಳಗೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುವೆವೆಂದು ಶಾಲೆಯವರು ಹೇಳಿದ ಮೇಲೆಯೇ ಚಿಕ್ಕಮ್ಮ ಅವಳನ್ನು ಇಲ್ಲಿಗೆ ಎಳೆತಂದದ್ದು.

"ತೆಗಿಯೇ ಕೈನ! ಹಲ್ಲಿನ ಡಾಕ್ಟ್ರ ಹತ್ರ ಬಂದು ಬಾಯಿ ಮುಚ್ಕೊಂಡು ಕೂತ ಹಾಗಾಯ್ತಲ್ಲೇ ನಿನ್ನ ಕಥೆ!" ಚಿಕ್ಕಮ್ಮ ಗದರಿದರು.

ಅವಳು ಮೆಲ್ಲನೆ ಕೈ ಇಳಿಸಿದಳು. ಅವನು ಬೆಚ್ಚಲಿಲ್ಲ, ಅನುಕಂಪದ ನಿಟ್ಟುಸಿರನ್ನೂ ಬಿಡಲಿಲ್ಲ. ಪವಿತ್ರ ಗ್ರಂಥವೊಂದರ ಮೊದಲ ಪುಟವನ್ನು ತೆರೆದವನಂತೆ, ಉಳಿದ ಕಣ್ಣನ್ನು ಶ್ರದ್ಧೆಯಿಂದ ನೋಡಿದನು.

ಆ ನೋಟಕ್ಕೆ ಅವಳ ಎದೆಯೇಕೆ ನಡುಗಿತು?

ಮತ್ತೆ ಮತ್ತೆ ಅವಳು ಬರಬೇಕಾಯಿತು. ತೆಳುವಾದ ಬಿಳಿ ಚಿಪ್ಪಿನ ಮೇಲೆ ಅವನು ಕಂದು ಬಣ್ಣವನ್ನು ಪದರ ಪದರವಾಗಿ ಹಚ್ಚುತ್ತಿದ್ದನು. ರಕ್ತನಾಳಗಳಿಗಾಗಿ ಕೆಂಪು ರೇಷ್ಮೆಯನ್ನು ಕೂದಲಿಗಿಂತ ಸಣ್ಣಗೆ ಸೀಳಿ ಅಂಟಿಸುತ್ತಿದ್ದನು. ಆಗಾಗ ಕಪ್ಪು ಚುಕ್ಕೆಗಳು ಸಾಲಾಗಿದ್ದ ಕಾರ್ಡೊಂದನ್ನು ಅವಳ ಕೆನ್ನೆಯ ಬಳಿ ಹಿಡಿದು, ಕಣ್ಣುಪಾಪೆ ಯಾವ ಚುಕ್ಕೆಯಷ್ಟಿದೆಯೆಂದು ಅಳೆಯುತ್ತಿದ್ದನು.

"ಈ ಕೆಲಸಾನೇ ಯಾಕೆ ಹಿಡಿದ್ರಿ?" ಒಂದು ದಿನ ಅವಳು ಕೇಳಿದಳು.

ಕುಂಚ ನಿಂತಿತು.

"ನಮ್ಮಮ್ಮನಿಗೂ ಒಂದು ಕಣ್ಣಿರಲಿಲ್ಲ. ಯಾರೂ ನೋಡಬಾರದು ಅಂತ ಕೋಣೇಲಿ ದೀಪ ಹಾಕೋಕೇ ಬಿಡ್ತಿರಲಿಲ್ಲ. ನಾನು ಚಿಕ್ಕವನಿದ್ದಾಗಲೇ ಹೋಗಿಬಿಟ್ರು. ದನಿ ನೆನಪಿದೆ, ಟೀಚರ್... ಮುಖ ನೆನಪಿಲ್ಲ."

ಅಂದಿನಿಂದ ಆ ಕೋಣೆಯಲ್ಲಿ ಅವಳು ಮುಖ ಮುಚ್ಚಿಕೊಳ್ಳಲಿಲ್ಲ.

ಕೊನೆಯ ದಿನ ಅವನು ಕಣ್ಣನ್ನು ಕೂರಿಸಿ ಕನ್ನಡಿ ಹಿಡಿದನು. ದೈವ ಕೊಟ್ಟದ್ದು ಯಾವುದು, ಇವನು ಬರೆದದ್ದು ಯಾವುದು! ಚಿಕ್ಕಮ್ಮನ ಕಣ್ಣು ತುಂಬಿ ಬಂತು.

"ಕೆಲಸ ಮುಗೀತು. ಇನ್ನು ನೀವು ಬರೋ ಅಗತ್ಯ ಇಲ್ಲ," ಎಂದನು ಅವನು, ತಲೆಯೆತ್ತದೆ.

ಅಷ್ಟೇನಾ? ಇಷ್ಟು ದಿನ ಅವನು ನೋಡಿದ್ದು ಬರಿಯ ಬಣ್ಣವನ್ನೇ...?

ಮರುದಿನ ಬೆಳಗ್ಗೆ ಚಿಕ್ಕಮ್ಮ ಅವಳ ಮುಖ ನೋಡಿ ಹುಬ್ಬುಗಂಟಿಕ್ಕಿದರು.

"ಇದೇನೇ ಇದು! ಒಂದು ಕಣ್ಣು ಏನೋ ಕಂಡು ಬೆರಗಾದ ಹಾಗಿದೆ, ಇನ್ನೊಂದು ನಿದ್ದೆಯಿಂದ ಎದ್ದೇ ಇಲ್ಲ!"

ಕನ್ನಡಿಯೂ ಅದನ್ನೇ ಹೇಳಿತು. ಬರೆದ ಪಾಪೆ ದೊಡ್ಡದಾಗಿತ್ತು. ಮಕ್ಕಳ ಕಣ್ಣಿಗೆ ಇದು ಬೀಳದಿರುತ್ತದೆಯೇ? ಶಾಲೆಯ ಆಸೆ ಕುಸಿಯಿತು. ದುಃಖ ಕೋಪವಾಗಿ ಹೊತ್ತಿಕೊಂಡಿತು.

"ನನ್ನನ್ನ ಬೇಗ ಸಾಗಹಾಕೋಣ ಅಂತ ಅವಸರದಲ್ಲಿ ಬರೆದ್ರಾ?" ಚಿಕ್ಕಮ್ಮನೊಡನೆ ಬಂದು ಅವನ ಬಾಗಿಲಲ್ಲೇ ನಿಂತು ಕೇಳಿದಳು.

ಅವನ ಮುಖ ಬಿಳಿಚಿತು. ಅವಳನ್ನು ಕೂರಿಸಿ ಕಾರ್ಡು ಹಿಡಿದನು. "ಎರಡೂ ಒಂದೇ ಅಳತೆ ಇದೆಯಲ್ಲ, ಟೀಚರ್!"

"ಸುಳ್ಳು!"

"ಅವಳು ಹೇಳೋದು ನಿಜಾನಪ್ಪಾ. ಮನೇಲಿ ನಾನೇ ಕಣ್ಣಾರೆ ನೋಡಿದೀನಿ," ಎಂದರು ಚಿಕ್ಕಮ್ಮ.

ಅವನು ಕ್ಷಣಕಾಲ ಯೋಚಿಸಿ ಕಾರ್ಡನ್ನು ಅವರ ಕೈಗಿತ್ತನು. "ನೀವೇ ಅಳೀರಮ್ಮ. ನಾನು ಹೊರಗೆ ನಿಂತಿರ್ತೀನಿ."

ಬಾಗಿಲು ಮುಚ್ಚಿತು. ಚಿಕ್ಕಮ್ಮ ಬಗ್ಗಿ ನೋಡಿದರು. "ನೋಡಿದ್ಯಾ! ಇವಳ ಸ್ವಂತ ಕಣ್ಣಿನ ಪಾಪೆ ಚಿಕ್ಕದೇ ಇದೆ. ಬಾಪ್ಪಾ ಒಳಗೆ, ನೀನೇ ನೋಡು..."

ಬಾಗಿಲು ತೆರೆಯಿತು. ಚಿಕ್ಕಮ್ಮನ ಮಾತು ತಡೆದುಹೋಯಿತು.

"ಅಯ್ಯೋ... ಪಾಪೆ ಹೂವಿನ ಹಾಗೆ ಅರಳ್ತಲ್ಲೇ!"

ಕಿಟಕಿ ಅದೇ, ದೀಪವೂ ಅದೇ. ಹೊಸದಾಗಿ ಬಂದವನು ಅವನೊಬ್ಬನೇ. ಅವಳು ಯಾರಿಗೂ ಹೇಳದೆ ಬಚ್ಚಿಟ್ಟಿದ್ದ ಸತ್ಯಕ್ಕೆ ಅವಳ ಕಣ್ಣೇ ಸಾಕ್ಷಿ ನುಡಿದಿತ್ತು! ನಾಚಿಕೆಯಿಂದ ಕೈ ತಾನಾಗಿ ಮುಖದತ್ತ ಏರಿತು.

"ಮುಚ್ಕೋಬೇಡಿ," ಎಂದನು ಅವನು. "ತಪ್ಪು ನನ್ನದು. ಅಳೆಯುವಾಗ ಕಿಟಕಿಯಾಚೆ ದೂರಕ್ಕೆ ನೋಡಿ ಅಂತ ಎಲ್ಲರಿಗೂ ಹೇಳ್ತೀನಿ. ಮನಸ್ಸಿಗೆ ಹಿಡಿದವರನ್ನ ನೋಡಿದ್ರೆ ಪಾಪೆ ಅರಳಿ ಅಳತೆ ತಪ್ಪುತ್ತೆ, ಅದಕ್ಕೇ ಈ ಕ್ರಮ. ನಿಮಗೆ ಮಾತ್ರ... ಆಚೆ ನೋಡಿ ಅನ್ನೋಕೆ ಮನಸ್ಸೇ ಬರಲಿಲ್ಲ."

"ಹಾಗಾದ್ರೆ ಇನ್ನು ಬರಬೇಡಿ ಅಂದದ್ದು?"

"ಕೆಲಸದ ನೆಪದಲ್ಲಿ ನಿಮ್ಮನ್ನ ನೋಡ್ತಾ ಕೂರೋದು ಸರಿಯಲ್ಲ ಅನ್ನಿಸ್ತು. ನೆಪ ಇಲ್ಲದೆ ಕರೆಯೋಕೆ ಧೈರ್ಯ ಇರಲಿಲ್ಲ."

ಚಿಕ್ಕಮ್ಮ ಕೆಮ್ಮಿದರು. "ಇಲ್ಲಿ ನಾನೊಬ್ಬಳು ಇದೀನಿ ಅನ್ನೋದು ಇಬ್ರಿಗೂ ಮರೆತುಹೋದ ಹಾಗಿದೆ. ಈಗ ನಾನು ಹೊರಗೆ ನಿಂತಿರ್ತೀನಿ."

ಅವರು ಹೋದ ಮೇಲೆ ಅವನು ಹೊಸ ಬಿಳಿ ಚಿಪ್ಪೊಂದನ್ನು ಕೈಗೆತ್ತಿಕೊಂಡನು.

"ಚಿಕ್ಕ ಪಾಪೆಯ ಕಣ್ಣು ಬೇರೆ ಬರೆದುಕೊಡ್ತೀನಿ. ಶಾಲೆಗೆ ಹೋಗ್ತೀರಲ್ಲ?"

"ಹೋಗ್ತೀನಿ." ಆ ಮಾತು ಅಷ್ಟು ಸುಲಭವಾಗಿ ಬಂದದ್ದು ಅವಳಿಗೇ ಅಚ್ಚರಿ!

"ಹಾಗಾದ್ರೆ ಇದನ್ನ ವಾಪಸ್ ಕೊಡಿ."

"ಕೊಡಲ್ಲ."

"ಹೊಂದದೇ ಇರೋದನ್ನ ಇಟ್ಕೊಂಡು ಏನ್ಮಾಡ್ತೀರಿ, ಟೀಚರ್? ಯಾವಾಗ ಹಾಕ್ಕೋತೀರಿ?"

ಅವಳು ಮುಖವನ್ನು ಪೂರ್ತಿಯಾಗಿ ಬೆಳಕಿಗೊಡ್ಡಿ ಅವನನ್ನು ನೇರವಾಗಿ ನೋಡಿದಳು.

"ನೀವು ಮನೆಗೆ ಬಂದಾಗ."

"...ದಿನಾ ಬಂದ್ರೆ?"

"ದಿನಾ ಹಾಕ್ಕೋತೀನಿ."