ಟೇಪಿನ ಇನ್ನೊಂದು ತುದಿ

"ಈ ಕಲ್ಲು ಕೀಳ್ರಿ ಅಂತ ನಿಮಗ ಯಾರ ಹೇಳಿದ್ರು?"

"ಯಾರ ಹೇಳಬೇಕ್ರಿ? ನಿಮ್ಮ ಸಲುವಾಗಿ ತಂದೇನಿ."

"ಮಾಡೂದು ಮಾಡಿ, ಮ್ಯಾಲ ನನ್ನ ಹೆಸರ ಬ್ಯಾರೆ."

ಯಶೋಧರಾ ನಮ್ಮ ಅಂಗಳದಲ್ಲಿ ನಿಂತಿದ್ದಳು. ಸಿಟ್ಟಿನಲ್ಲಿ ಅವಳ ಮೂಗಿನ ತುದಿ ಕೆಂಪಾಗುತ್ತದೆ ಎಂದು ಅವತ್ತೇ ನೋಡಿದ್ದು.

ಅದು ತೊಂಬತ್ತೊಂಬತ್ತನೆಯ ಇಸವಿ. ನಮ್ಮೂರ ಗುಡ್ಡಕ್ಕೆ ಗಣಿ ಬರುವುದಿತ್ತು. ಅದಕ್ಕೂ ಮೊದಲು ಅಲ್ಲಿ ಹಳೆಯ ಕಾಲದ್ದೇನಾದರೂ ಇದೆಯೇ ಎಂದು ನೋಡಿ ಬರೆಯಲು ಇವಳನ್ನು ಕಳಿಸಿದ್ದರು. ಗೋಕಾಕದವಳು. ಹುಕ್ಕೇರಿಯಲ್ಲಿ ರೂಮು ಮಾಡಿಕೊಂಡು ದಿನಾ ಮೊದಲ ಬಸ್ಸಿಗೆ ಬರುತ್ತಿದ್ದಳು.

ಹನ್ನೊಂದು ದಿನ ಅವಳ ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದವನು ನಾನು. ಹಿಡಿದಿದ್ದೀರಾ ಎಂದು ಕೇಳುವ ಹಾಗೆ ಅವಳು ಆ ಕಡೆಯಿಂದ ಒಮ್ಮೆ ಮೆಲ್ಲಗೆ ಎಳೆಯುವಳು. ಅಳತೆ ಬರೆದುಕೊಂಡ ಮೇಲೂ ಒಮ್ಮೆ ಎಳೆಯುವಳು. ನಾನು ತಲೆ ಎತ್ತಿದರೆ ಬೇರೆ ಕಡೆ ನೋಡುವಳು.

ಏನಾದರೂ ಸಿಕ್ಕರೆ ಎರಡು ವರ್ಷ ಅಗೆಯುವ ಕೆಲಸ, ಆಗ ಇಲ್ಲೇ ಇರುತ್ತೇನೆ ಎಂದಿದ್ದಳು. ಕಂಡದ್ದನ್ನು ಮುಟ್ಟಬೇಡಿ, ನನ್ನನ್ನು ಕರೆಯಿರಿ ಎಂದೂ ಹೇಳಿದ್ದಳು. ಎರಡನೆಯದು ಊರವರಿಗೆ ಹೇಳಿದ್ದು, ನನಗಲ್ಲ ಎಂದು ತಿಳಿದುಕೊಂಡೆ.

ರವಿವಾರ ಅವಳು ಗೋಕಾಕಕ್ಕೆ ಹೋಗಿದ್ದಾಗ ಗುಡ್ಡದ ಮೇಲಿನ ಮುಳ್ಳುಕಂಟಿಯಲ್ಲಿ ಆ ಕಲ್ಲು ಕಂಡಿತು. ಮೇಲೆ ಜಿನಮೂರ್ತಿ, ಕೆಳಗೆ ಕೈಮುಗಿದ ಹೆಣ್ಣುಮಗಳು, ನಾಲ್ಕು ಸಾಲು ಅಕ್ಷರ. ಉಪವಾಸ ಮಾಡಿ ದೇಹ ಬಿಟ್ಟವಳ ಕಲ್ಲು. ಜೈನರ ಮನೆಯಲ್ಲಿ ಹುಟ್ಟಿದವನು ನಾನು, ಅದನ್ನು ಮುಳ್ಳಿನಲ್ಲಿ ಹೇಗೆ ಬಿಡಲಿ? ಕಿತ್ತು, ಚಕ್ಕಡಿ ಹೂಡಿ ಮನೆಗೆ ತಂದೆ. ಅವ್ವ ಹಾಲೆರೆದು ಗಂಧ ಹಚ್ಚಿದಳು. ಸೋಮವಾರ ಯಶೋಧರಾ ಬಂದಳು, ಕಲ್ಲಿನ ಉದ್ದಕ್ಕೆ ಟೇಪು ಹಿಡಿದಳು, ಎಲ್ಲಿತ್ತು ಎಂದು ಕೇಳಿದಳು. ಹೇಳಿದೆ. ಟೇಪು ಅಲ್ಲೇ ಬಿಟ್ಟು ಎದ್ದು ನಿಂತಳು.

"ಇದ್ದ ಜಾಗಾದಾಗ ಇದ್ರಷ್ಟ ಇದು ಸಾಕ್ಷಿ," ಎಂದಳು. "ಅಂಗಳದಾಗಿನ ಕಲ್ಲಿಗೆ ಗುಡ್ಡ ಉಳಿಯಂಗಿಲ್ಲರಿ."

ತಿರುಗಿ ಹುಗಿದು ಬರುತ್ತೇನೆಂದೆ. ಹೊಸ ಮಣ್ಣು ಯಾರಿಗಾದರೂ ಗೊತ್ತಾಗುತ್ತದೆ ಎಂದಳು.

"ಹಂಗಾರ ಗುಡ್ಡದ ಮ್ಯಾಲ ನೋಡೇನಿ ಅಂತ ಬರೀರಿ."

"ನಾ ನೋಡಿಲ್ಲ."

"ಬರಿ. ನಿನ್ನ ಇಲ್ಲೇ ಇಟಗೋಬೇಕಂತ ತಂದೇನಿ."

ಹನ್ನೆರಡು ದಿನದಲ್ಲಿ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದಿದ್ದೆ. ಅವಳು ಕಲ್ಲಿನ ಹೆಣ್ಣುಮಗಳನ್ನೇ ನೋಡಿದಳು.

"ನನಗೂ ಇಲ್ಲೇ ಇರೂದಿತ್ತು, ವೃಷಭ. ಅದಕ್ಕ ನಾ ಸುಳ್ಳ ಬರಿಯಂಗಿಲ್ಲ, ನನ್ನ ಸಲುವಾಗಿ ಬರದಂಗ ಆಗತೈತಿ."

ಇಷ್ಟು ಹೇಳಿದವಳನ್ನು ಕೈಹಿಡಿದು ಕೂಡಿಸಬೇಕಿತ್ತು. ನನ್ನ ಬಾಯಿ ಸುಡಲಿ. "ಹಂಗಾರ ಹೋಗು," ಅಂದೆ.

ಅವಳು ಟೇಪಿನ ಡಬ್ಬಿ ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ಸುತ್ತತೊಡಗಿದಳು. ಅದರ ತುದಿ ನನ್ನ ಕಾಲ ಕೆಳಗಿತ್ತು. ಆ ಕಡೆಯಿಂದ ಒಮ್ಮೆ ಮೆಲ್ಲಗೆ ಎಳೆದಳು.

ನಾನು ಕಾಲು ಎತ್ತಿದೆ.

ಟೇಪು ಸರ್ರನೆ ಡಬ್ಬಿಯೊಳಗೆ ಹೋಯಿತು. ಅವಳು ಬಸ್ಸಿಗೆ ಹೋದಳು. ಮರುದಿನ ಮೊದಲ ಬಸ್ಸಿಗೆ ಹೋಗಿ ನಿಂತೆ, ಅದರ ಮರುದಿನವೂ ನಿಂತೆ. ಬರಲಿಲ್ಲ.