ನೀರುಳ್ಳಿ ಬುಟ್ಟಿಯ ಪಕ್ಕದ ಗೆರಸೆ

"ಅಜ್ಜ, ಇಲ್ಲಿದ್ದ ದೊಡ್ಡ ಗೆಡ್ಡೆ..." ಎಂದು ಕೇಳಲು ಬಾಯಿ ತೆರೆದ ವಿಸ್ಮಿತಾ ಅಲ್ಲಿಗೇ ನಿಲ್ಲಿಸಿಬಿಟ್ಟಳು.

ಅಡುಗೆಮನೆಯ ಮೂಲೆಯಲ್ಲಿ ಮೊರದಂಥ ಬಿದಿರಿನ ಗೆರಸೆ ಇತ್ತು. ಅದರಲ್ಲಿ ಅವಳು ಒಣಗಲಿ ಎಂದು ಹರಡಿದ್ದ ಲಿಲ್ಲಿ ಗೆಡ್ಡೆಗಳಿದ್ದವು. ಆದರೆ ಎಲ್ಲಕ್ಕಿಂತ ದಪ್ಪನೆಯದು, ಪಕ್ಕಕ್ಕೆ ಒಂದು ಮರಿ ಗೆಡ್ಡೆಯನ್ನು ಅಂಟಿಸಿಕೊಂಡಿದ್ದದ್ದು, ಕಾಣಿಸಲಿಲ್ಲ. ಗೆರಸೆಗೆ ತಾಗಿಕೊಂಡೇ ನೀರುಳ್ಳಿ ಬುಟ್ಟಿ. ಒಲೆಯ ಮೇಲೆ ಕಡಲೆ ಗಸಿ ಕುದಿಯುತ್ತಿತ್ತು.

ವಿಸ್ಮಿತಾ ಮೆಲ್ಲನೆ ಕಸದ ಬಕೆಟಿನೊಳಗೆ ಬಗ್ಗಿ ನೋಡಿದಳು. ಮೇಲೆ ಕಂದು ಸಿಪ್ಪೆ ಬಿದ್ದಿತ್ತು. ಕೆಳಗೆ ಬೆಳ್ಳಗಿನ ದಪ್ಪ ಪದರ. ಮುಟ್ಟಿದರೆ ಲೋಳೆ ಲೋಳೆ, ಬೆರಳಿಗೆ ನೂಲಿನಂತೆ ಎಳೆದುಕೊಂಡು ಬಂತು. ನೀರುಳ್ಳಿಯ ವಾಸನೆಯೇ ಇಲ್ಲ.

ಅವಳು ಬೆರಳು ಒರೆಸಿಕೊಂಡು ಒಲೆಯ ಮೇಲಿನ ಪಾತ್ರೆಯತ್ತ ನೋಡಿದಳು.

"ಬಾ ಬಾ, ಊಟಕ್ಕೆ ಕೂತ್ಕೊ. ಮನ್ವಿತನಿಗೆ ಬಡಿಸಿ ಆಯ್ತು," ಎಂದು ಧರ್ಣಪ್ಪಜ್ಜ ಕರೆದರು. ಇವತ್ತು ಅವರದೇ ಅಡುಗೆ. ಅಂಗನವಾಡಿ ಟೀಚರ್ ಆಗಿರುವ ಅಮ್ಮ ಟ್ರೈನಿಂಗಿಗೆಂದು ಬೆಳ್ತಂಗಡಿಗೆ ಹೋಗಿದ್ದರು. ಬಸ್ ಕಂಡಕ್ಟರ್ ಆದ ಅಪ್ಪ ಮನೆಗೆ ಬರುವುದು ಕತ್ತಲಾದ ಮೇಲೆ.

ಪುಟ್ಟ ತಮ್ಮ ಮನ್ವಿತ್ ಅನ್ನಕ್ಕೆ ಗಸಿ ಕಲಸಿ ತುತ್ತನ್ನು ಬಾಯಿಯ ಹತ್ತಿರ ತಂದಿದ್ದ. ವಿಸ್ಮಿತಾ ಓಡಿಹೋಗಿ ತಟ್ಟೆಯನ್ನೂ ತುತ್ತನ್ನೂ ಒಟ್ಟಿಗೇ ಕಿತ್ತುಕೊಂಡಳು.

"ತಿನ್ಬೇಡ! ಅದರಲ್ಲಿ ಹಲ್ಲಿ ಬಿದ್ದಿದೆ!"

ಮನ್ವಿತ್ ಬಾಯಿ ಅಗಲಿಸಿ ಅಳತೊಡಗಿದ. ಅಜ್ಜ ಸೌಟು ಹಾಕಿ ಪಾತ್ರೆಯ ತಳದವರೆಗೂ ಕಲಕಿದರು. "ಎಲ್ಲಿ ಉಂಟು ಹಲ್ಲಿ? ನಾನು ಇಲ್ಲೇ ನಿಂತಿದ್ದೆ ಅಲ್ವಾ?"

"ನಾನು ನೋಡಿದೆ ಅಜ್ಜ. ಬಾಲ ಕಂಡಿತು."

"ಅಯ್ಯೋ ಮಾರಾಯ್ತಿ, ನಾನು ಉಪ್ಪು ನೋಡ್ಲಿಕ್ಕೆ ಒಂದೆರಡು ಹೋಳು ತಿಂದಾಗಿದೆ. ಹಲ್ಲಿಯ ವಿಷಯ ಗೊತ್ತಿಲ್ಲ, ನೀರುಳ್ಳಿ ಮಾತ್ರ ಎಂತದೋ ಕಹಿ. ಕೊಯ್ಯುವಾಗ ಕಣ್ಣಲ್ಲಿ ಒಂದು ಹನಿ ನೀರು ಬರ್ಲಿಲ್ಲ. ಒಳ್ಳೆ ಜಾತಿಯದ್ದು ಅಂತ ಗ್ರಹಿಸಿದೆ."

ವಿಸ್ಮಿತಾ ತಟ್ಟೆಯನ್ನು ಮನ್ವಿತನ ಕೈಗೆ ಎಟುಕದಷ್ಟು ಎತ್ತರದಲ್ಲಿ ಇಟ್ಟಳು.

ಆ ಲಿಲ್ಲಿ ಗಿಡಗಳು ಝೈನಬಳ ಮನೆಯಿಂದ ಬಂದಿದ್ದವು. ಝೈನಬ್ ಅವಳದೇ ಕ್ಲಾಸು, ಅವಳದೇ ಬೆಂಚು. ನಾರಾವಿಯ ಆ ರಸ್ತೆಯಲ್ಲಿ ಹೋಗುವವರೆಲ್ಲ ಝೈನಬಳ ತಾಯಿ ಆಸ್ಯಮ್ಮನ ಕೆಂಪು ಲಿಲ್ಲಿಗಳನ್ನು ಒಮ್ಮೆ ತಿರುಗಿ ನೋಡದೆ ಹೋಗುವುದಿಲ್ಲ. ವಿಸ್ಮಿತಾ ಕೇಳಿ ತಂದು, ಅಂಗಳದ ಸಿಮೆಂಟಿನ ಮೇಲೆ ಚಟ್ಟಿಗಳಲ್ಲಿ ನೆಟ್ಟಿದ್ದಳು.

ಏಪ್ರಿಲ್ ಬಂದದ್ದೇ ತಡ, ಬಿಸಿಲು ಚಟ್ಟಿಗಳನ್ನು ಕಾವಲಿಯಂತೆ ಕಾಯಿಸಿತು. ಎಲೆಗಳ ತುದಿ ಕರಟಿತು. ವಿಸ್ಮಿತಾಳಿಗೆ ಹೆದರಿಕೆಯಾಯಿತು. ಬೆಳಿಗ್ಗೆ ನೀರು, ಮಧ್ಯಾಹ್ನ ನೀರು, ಸಂಜೆಗೂ ನೀರು ಹೊಯ್ದಳು. ಆಗ ಎಲೆಗಳು ಬುಡದಿಂದಲೇ ಹಳದಿಯಾಗಿ ಮಲಗಿದವು.

ಆಸ್ಯಮ್ಮ ಬಂದು ಮಣ್ಣು ಕೆದಕಿ ನೋಡಿ, "ಮಗಳೇ, ಬಿಸಿಲಿಗಿಂತ ನಿನ್ನ ನೀರೇ ಜಾಸ್ತಿ ಆಯ್ತು. ಗೆಡ್ಡೆ ಕೊಳೀತದೆ. ತೆಗೆದು ನೆರಳಲ್ಲಿ ಒಣಗಿಸು. ಮತ್ತೆ ಮರದ ಕೆಳಗೆ ನೆಡು, ಮೇಲೆ ತರಗೆಲೆ ಹಾಕು, ಬೆಳಿಗ್ಗೆ ಮಾತ್ರ ಸ್ವಲ್ಪ ನೀರು," ಎಂದಿದ್ದರು. ಹೊರಡುವಾಗ ಬಾಗಿಲಲ್ಲಿ ನಿಂತು, "ಒಂದು ಜಾಗ್ರತೆ. ಅದು ನೋಡ್ಲಿಕ್ಕೆ ನೀರುಳ್ಳಿ ಹಾಗೆಯೇ, ಆದ್ರೆ ವಿಷ. ನಮ್ಮ ಆಡು ತಿಂದು ಸಾಯ್ಲಿಕ್ಕೆ ಬಿದ್ದಿತ್ತು," ಎಂದೂ ಹೇಳಿದ್ದರು.

ಅದನ್ನು ಅಮ್ಮ ಕೇಳಿಸಿಕೊಂಡಿದ್ದರು. "ಹಾಗಾದ್ರೆ ಜಗಲಿಯಲ್ಲೇ ಇರ್ಲಿ. ಅಡುಗೆಮನೆಗೆ ತಂದ್ರೆ ನೋಡು!" ಎಂದು ಬೆರಳು ತೋರಿಸಿ ಹೇಳಿದ್ದರು.

ಆದರೆ ನಿನ್ನೆ ಸಂಜೆ ಗುಡುಗು ಬಂತು. ಮಳೆಯ ಇರಚಲು ಜಗಲಿಗೆ ಹೊಡೆಯಿತು. ಈಗ ಒಣಗಿದ್ದೆಲ್ಲ ಮತ್ತೆ ಒದ್ದೆಯಾದರೆ! ವಿಸ್ಮಿತಾ ಗೆರಸೆಯನ್ನು ಎತ್ತಿ ಒಳಗೆ ತಂದು, ನೀರುಳ್ಳಿ ಬುಟ್ಟಿಯ ಪಕ್ಕ ಇಟ್ಟಳು. ಬೆಳಿಗ್ಗೆ ಹೊರಗಿಡೋಣ ಎಂದುಕೊಂಡಳು. ಬೆಳಿಗ್ಗೆ ಮರೆತಳು.

ಈಗ ಹೇಳಿದರೆ? ಅಜ್ಜ ಅಮ್ಮನಿಗೆ ಹೇಳುತ್ತಾರೆ. ಅಮ್ಮನ ಮುಖ ಹೇಗಾಗಬಹುದೆಂದು ಅವಳಿಗೆ ಗೊತ್ತು.

ಹೇಳದಿದ್ದರೆ?

'ಒಂದೆರಡು ಹೋಳು ತಾನೆ,' ಎಂದುಕೊಂಡಳು ವಿಸ್ಮಿತಾ. 'ಆಡು ತುಂಬ ತಿಂದಿರಬೇಕು. ಅಜ್ಜ ಆಡಿಗಿಂತ ದೊಡ್ಡವರು.'

ಅಜ್ಜ ಗೊಣಗುತ್ತಲೇ ಗಸಿಯನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದರು. ಮನ್ವಿತನಿಗೆ ಮಜ್ಜಿಗೆ ಅನ್ನ, ಉಪ್ಪಿನಕಾಯಿ ಸಿಕ್ಕಿತು. ಅಜ್ಜ ಮಾತ್ರ ಉಣ್ಣಲಿಲ್ಲ. "ಯಾಕೋ ಬೇಡ," ಎಂದು ಜಗಲಿಗೆ ಹೋಗಿ ಕುಳಿತರು.

ವಿಸ್ಮಿತಾ ಬಾಗಿಲ ಸಂದಿಯಿಂದ ಅವರನ್ನೇ ನೋಡುತ್ತಿದ್ದಳು.

ಅಜ್ಜ ಒಮ್ಮೆ ಉಗುಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಉಗುಳಿದರು. ಹೆಗಲ ಮೇಲಿನ ಬೈರಾಸಿನಿಂದ ಬಾಯಿ ಒರೆಸಿಕೊಂಡರು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಹೊರಗೆ ಅಂಗಳದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಒಂದು ಕಾಗೆ ಕೂಡ ಕೂಗುತ್ತಿರಲಿಲ್ಲ.

'ಸರಿಯಾಗ್ತದೆ. ಈಗ ಸರಿಯಾಗ್ತದೆ.'

ಇದ್ದಕ್ಕಿದ್ದಂತೆ ಅಜ್ಜ ಕಂಬ ಹಿಡಿದು ಎದ್ದರು. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಅಂಗಳದ ಅಂಚಿನಲ್ಲೇ ವಾಂತಿ ಮಾಡಿದರು. ಮತ್ತೆ ಮಾಡಿದರು. ಮೊಣಕಾಲು ಊರಿ ಕುಳಿತುಬಿಟ್ಟರು.

"ಅಜ್ಜಾ!"

ವಿಸ್ಮಿತಾ ಓಡಿಹೋಗಿ ಅವರ ಭುಜ ಹಿಡಿದುಕೊಂಡಳು. ಅಜ್ಜನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಹಲ್ಲಿ ಅಲ್ಲ ಅಜ್ಜ! ನಾನು ಸುಳ್ಳು ಹೇಳಿದ್ದು. ನೀವು ಕೊಯ್ದದ್ದು ನೀರುಳ್ಳಿ ಅಲ್ಲ, ನನ್ನ ಲಿಲ್ಲಿ ಗೆಡ್ಡೆ. ಅದು ವಿಷ ಅಜ್ಜ!"

ಅಜ್ಜ ಅವಳನ್ನು ನೋಡಿದರು. ಏನೋ ಹೇಳಹೊರಟವರಿಗೆ ಮತ್ತೆ ಓಕರಿಕೆ ಬಂತು.

ವಿಸ್ಮಿತಾ ಚಪ್ಪಲಿ ಹಾಕಲಿಲ್ಲ. ಕಾದ ರಸ್ತೆಯಲ್ಲಿ ಝೈನಬಳ ಮನೆಗೆ ಓಡಿದಳು. "ಆಸ್ಯಮ್ಮಾ! ಅಜ್ಜ ಲಿಲ್ಲಿ ಗೆಡ್ಡೆ ತಿಂದ್ರು!" ಎಂದು ಗೇಟಿನಿಂದಲೇ ಕೂಗಿದಳು.

ಝೈನಬಳ ಅಣ್ಣ ಅಸ್ಕರ್ ಊಟಕ್ಕೆಂದು ಬಂದು ಆಟೋ ನಿಲ್ಲಿಸಿದ್ದ. ಊಟ ಅರ್ಧಕ್ಕೇ ಬಿಟ್ಟು ಎದ್ದ. ಆಸ್ಯಮ್ಮ ತಲೆಗೆ ಸೆರಗು ಎಳೆದುಕೊಂಡು ಮುಂದೆ ಓಡಿದರು.

"ಧರ್ಣಪ್ಪಣ್ಣ, ಹೆದರ್ಬೇಡಿ, ಹೋಗುವ," ಎನ್ನುತ್ತ ಅವರೇ ಅಜ್ಜನನ್ನು ಆಟೋಗೆ ಹತ್ತಿಸಿದರು. ಮತ್ತೆ ವಿಸ್ಮಿತಾಳ ಕಡೆ ತಿರುಗಿ, "ತಮ್ಮನನ್ನು ನಾನು ನೋಡ್ಕೊಳ್ತೇನೆ. ನೀನು ಅಜ್ಜನ ಒಟ್ಟಿಗೆ ಹೋಗು. ಆ ಗೆಡ್ಡೆ ಒಂದು ಹಿಡ್ಕೊ, ಡಾಕ್ಟರಿಗೆ ತೋರಿಸ್ಬೇಕು," ಎಂದರು.

ಮೂಡಬಿದಿರೆಯ ರಸ್ತೆ ಅಷ್ಟು ಉದ್ದವೆಂದು ವಿಸ್ಮಿತಾಳಿಗೆ ಯಾವತ್ತೂ ಅನಿಸಿರಲಿಲ್ಲ. ಪ್ರತಿ ತಿರುವಿನಲ್ಲೂ ಅಜ್ಜನ ತಲೆ ಅವಳ ಭುಜಕ್ಕೆ ಬಂದು ಬಡಿಯುತ್ತಿತ್ತು. ಅವರು ಕಣ್ಣು ಮುಚ್ಚಿದಾಗಲೆಲ್ಲ ಅವಳು "ಅಜ್ಜ" ಎನ್ನುತ್ತಿದ್ದಳು. ಅವರು "ಹೂಂ" ಎನ್ನುವವರೆಗೂ ಅವಳಿಗೆ ಉಸಿರು ಬರುತ್ತಿರಲಿಲ್ಲ. ಒಮ್ಮೆ ಎರಡು ಸಲ ಕರೆಯಬೇಕಾಯಿತು.

"ಅಸ್ಕರಣ್ಣ, ಬೇಗ!"

"ಬೇಗವೇ ಹೋಗ್ತಾ ಇದ್ದೇನೆ ಪುಟ್ಟಿ. ನೀನು ಮಾತಾಡಿಸ್ತಾ ಇರು."

ಆಸ್ಪತ್ರೆಯಲ್ಲಿ ಅಜ್ಜನನ್ನು ಮಲಗಿಸಿ ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿದರು. ಕನ್ನಡಕ ಹಾಕಿದ್ದ ಡಾಕ್ಟರಮ್ಮ ಗೆಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಷ್ಟು ತಿಂದದ್ದು?"

"ಒಂದೆರಡು ಹೋಳು. ಉಪ್ಪು ನೋಡ್ಲಿಕ್ಕೆ."

"ಬೇರೆ ಯಾರಾದ್ರೂ ತಿಂದ್ರಾ?"

"ಇಲ್ಲ. ತಮ್ಮ ತಿನ್ನುವ ಮೊದಲೇ ನಾನು ಎಳ್ಕೊಂಡೆ."

"ತಿಂದು ಎಷ್ಟು ಹೊತ್ತಾದ ಮೇಲೆ ವಾಂತಿ ಶುರುವಾಯ್ತು?"

ವಿಸ್ಮಿತಾ ನೆಲ ನೋಡಿದಳು. "ಸ್ವಲ್ಪ ಹೊತ್ತಾದ ಮೇಲೆ. ನನಗೆ ಮೊದಲೇ ಗೊತ್ತಿತ್ತು. ನಾನು... ಹೇಳ್ಲಿಲ್ಲ."

ಈಗ ಬೈಗುಳ ಬರುತ್ತದೆ ಎಂದು ಅವಳು ಕಣ್ಣು ಬಿಗಿ ಮುಚ್ಚಿದಳು. ಆದರೆ ಡಾಕ್ಟರಮ್ಮ ಬರೆಯುವುದನ್ನು ಮುಗಿಸಿ, "ಜಾಸ್ತಿ ತಿನ್ಲಿಲ್ಲ, ವಾಂತಿಯಾಗಿ ಹೊರಗೂ ಹೋಗಿದೆ. ಸಂಜೆವರೆಗೆ ಇಲ್ಲೇ ಇರ್ಲಿ, ನೋಡುವ. ಗೆಡ್ಡೆ ತಂದದ್ದು ಒಳ್ಳೆಯದಾಯ್ತು. ಇಲ್ಲದಿದ್ರೆ ಎಂತ ತಿಂದದ್ದು ಅಂತ ನಾವು ಹುಡುಕ್ತಾ ಇರ್ಬೇಕಿತ್ತು," ಎಂದರು.

ಅಸ್ಕರ್ ವಿಸ್ಮಿತಾಳ ಅಮ್ಮನಿಗೆ ಮತ್ತೆ ಮತ್ತೆ ಫೋನ್ ಮಾಡಿದ. ಟ್ರೈನಿಂಗಿನಲ್ಲಿ ಫೋನ್ ಸೈಲೆಂಟ್ ಇರಬೇಕು, ಎತ್ತಲಿಲ್ಲ. ಕೊನೆಗೆ ಸಂಜೆ ಅಮ್ಮನೇ ಫೋನ್ ಮಾಡಿದಾಗ, ಅಜ್ಜನನ್ನು ಆಗಲೇ ಆಸ್ಪತ್ರೆಯಿಂದ ಬಿಟ್ಟಿದ್ದರು. "ಅಕ್ಕ, ಗಾಬರಿ ಬೇಡ. ಅಜ್ಜನಿಗೆ ವಾಂತಿ ಆಗಿತ್ತು, ಈಗ ಹುಷಾರಿದ್ದಾರೆ. ಮನೆಗೆ ಹೊರಟೆವು," ಎಂದಷ್ಟೇ ಹೇಳಿದ ಅಸ್ಕರ್. ಯಾಕೆ ಎಂದು ಅವನು ಹೇಳಲಿಲ್ಲ. ಕನ್ನಡಿಯಲ್ಲಿ ವಿಸ್ಮಿತಾಳನ್ನು ಒಮ್ಮೆ ನೋಡಿ, ಮುಂದೆ ನೋಡುತ್ತ ಆಟೋ ಓಡಿಸಿದ.

ಮನೆಗೆ ಬಂದು ಅಜ್ಜ ಗಂಜಿಯ ತಿಳಿ ಕುಡಿದರು. ವಿಸ್ಮಿತಾ ಅಡುಗೆಮನೆಯಿಂದ ಗೆರಸೆಯನ್ನು ಹೊರಗೆ ತಂದಳು. ಗೆಡ್ಡೆಗಳನ್ನೆಲ್ಲ ನೀರು ಹರಿಯುವ ತೋಡಿಗೆ ಎಸೆದುಬಿಡಬೇಕು ಎನಿಸಿತು.

"ಎಸೀಬೇಡ," ಎಂದರು ಅಜ್ಜ. ಸ್ವರ ಇನ್ನೂ ಸೋತಿತ್ತು. "ಗಿಡ ಎಂತ ಮಾಡಿತು ಪಾಪ? ನೆಟ್ಟು ಬಿಡುವ. ನೆಲದಲ್ಲಿದ್ರೆ ಯಾರೂ ನೀರುಳ್ಳಿ ಅಂತ ಗ್ರಹಿಸುವುದಿಲ್ಲ."

ಹಲಸಿನ ಮರದ ಕೆಳಗೆ ಮಣ್ಣು ತಂಪಾಗಿತ್ತು. ವಿಸ್ಮಿತಾ ಗುಳಿ ತೋಡಿ, ಒಂದೊಂದೇ ಗೆಡ್ಡೆಯನ್ನು ಕತ್ತು ಮಾತ್ರ ಮೇಲೆ ಕಾಣುವಂತೆ ಕೂರಿಸಿದಳು. ಬುಡಕ್ಕೆಲ್ಲ ತರಗೆಲೆ ಹರಡಿದಳು. ಮತ್ತೆ ಕೈಗಳನ್ನು ಸಾಬೂನು ಹಾಕಿ ತಿಕ್ಕಿ ತಿಕ್ಕಿ ತೊಳೆದಳು. ಬರುವಾಗ ಅಜ್ಜ ಚೆಂಬಿನಲ್ಲಿ ನೀರು ಹಿಡಿದು ಗಿಡಗಳ ಹತ್ತಿರ ನಿಂತಿದ್ದರು.

"ಬೆಳಿಗ್ಗೆ ಮಾತ್ರ ಅಂತ ಹೇಳಿದ್ದಾರೆ ಅಜ್ಜ."

"ನೆಟ್ಟ ದಿನ ಒಂದು ಗುಟುಕು ಕೊಡ್ಬೇಕು," ಎಂದು ಅಜ್ಜ ಚೆಂಬು ಬಗ್ಗಿಸಿದರು.

ನೀರು ಗೆಡ್ಡೆಯ ಮೇಲೆ ಬೀಳಲಿಲ್ಲ. ಪಕ್ಕದ ಕಲ್ಲಿನ ಮೇಲೆ ಬಿತ್ತು. ಅಜ್ಜ ಮುಂದಿನ ಗೆಡ್ಡೆಗೆ ಹೋದರು. ಅಲ್ಲಿಯೂ ನೀರು ಆಚೆಗೇ ಹರಿಯಿತು. ಅವರು ಅದನ್ನು ಗಮನಿಸಲೇ ಇಲ್ಲ.

"ಅಜ್ಜ," ಎಂದಳು ವಿಸ್ಮಿತಾ ಮೆಲ್ಲಗೆ. "ನಿಮಗೆ ಕಾಣುವುದಿಲ್ವಾ?"

ಅಜ್ಜ ಚೆಂಬನ್ನು ಕೆಳಗಿಟ್ಟರು.

"ಎದುರು ಹೊಗೆ ತುಂಬಿದ ಹಾಗೆ ಕಾಣ್ತದೆ. ಕಳೆದ ಮಳೆಗಾಲದಿಂದ ಹಾಗೆ. ಬುಟ್ಟಿ ಅಂತ ಗ್ರಹಿಸಿ ಕೈ ಹಾಕಿದೆ, ನೀರುಳ್ಳಿ ಹಾಗೆಯೇ ಉರುಟಾಗಿ ಸಿಕ್ಕಿತು. ಕೊಯ್ದೆ."

"ಅಮ್ಮನಿಗೆ ಹೇಳ್ಲಿಲ್ವಾ?"

"ಹೇಳಿದ್ರೆ ಆಪರೇಷನ್ ಅಂತಾರೆ. ಕಣ್ಣಿಗೆ ಕತ್ತಿ ಹಾಕುವುದು ಅಂದ್ರೆ..." ಅಜ್ಜ ನಗಲು ನೋಡಿದರು. ನಗು ಬರಲಿಲ್ಲ. "ಮತ್ತೆ ಒಲೆಯ ಹತ್ತಿರ ಹೋಗ್ಲಿಕ್ಕೆ ಬಿಡ್ಲಿಕ್ಕಿಲ್ಲ. ನಿಮ್ಮಿಬ್ಬರನ್ನು ನನ್ನೊಟ್ಟಿಗೆ ಬಿಟ್ಟು ಹೋಗ್ಲಿಕ್ಕಿಲ್ಲ. ಹಾಗೆ ಹೇಳ್ಲಿಲ್ಲ."

ವಿಸ್ಮಿತಾ ಅಜ್ಜನ ಮುಖವನ್ನೇ ನೋಡಿದಳು. ತೋಟದಲ್ಲಿ ಹೆಬ್ಬಾವು ಬಂದಾಗ ಎಲ್ಲರನ್ನೂ ಹಿಂದೆ ಸರಿಸಿ ಮುಂದೆ ನಿಂತಿದ್ದ ಅಜ್ಜ ಇವರೇ. ಈಗ ಅವರು, ಹೋಮ್‌ವರ್ಕ್ ಮಾಡದೆ ಬಂದು ಬೆಂಚಿನ ಮೂಲೆಗೆ ಸರಿದು ಕುಳಿತ ಹುಡುಗನ ಹಾಗೆ ಕಂಡರು.

ರಸ್ತೆಯಲ್ಲಿ ಬಸ್ಸು ನಿಂತು ಹೊರಟ ಸದ್ದಾಯಿತು. ಅಮ್ಮ ಬೇಗ ಬೇಗನೆ ಹೆಜ್ಜೆ ಹಾಕುತ್ತ ಏರು ಹತ್ತಿ ಬರುತ್ತಿದ್ದರು. ಮನ್ವಿತ್ "ಅಮ್ಮ ಬಂದ್ರು" ಎಂದು ಕೂಗುತ್ತ ಓಡಿದ.

"ಮೊದಲು ನಾನು ಹೇಳ್ತೇನೆ ಅಜ್ಜ," ಎಂದಳು ವಿಸ್ಮಿತಾ.

ಅಜ್ಜ ಸ್ವಲ್ಪ ಯೋಚಿಸಿದರು. "ಹೂಂ. ಮತ್ತೆ ನಾನು," ಎಂದರು.

ಇಬ್ಬರೂ ಅಂಗಳಕ್ಕೆ ಬಂದು ನಿಂತರು. ವಿಸ್ಮಿತಾ ಅಜ್ಜನ ಕೈ ಹಿಡಿದುಕೊಂಡಳು. ಅವರ ಅಂಗೈ ಅವಳದಕ್ಕಿಂತಲೂ ಹೆಚ್ಚು ಬೆವರಿತ್ತು. ಅವಳು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.